ಕೀಲಿ ಸಪ್ಪಳ

ನಾಯಿ ನೋಡಾಕ ಹೋಗಿದ್ವಿ ನಾವು,
ಲೋಕಾಪುರ ದಾಟಿ, ಮುಧೋಳದ ಡಾಂಬರು ಬಿಟ್ಟು
ಕಬ್ಬಿನ ನಡುವಿನ ಬಂಡಿದಾರಿ ಹಿಡಿದು.
ನೋಡಿದವರು ಯಲಗೂರದಪ್ಪ. ನಮ್ಮನ್ನ.

ಚಾ ಕೊಡೂಕಿಂತ ಮೊದಲ ಕೇಳಿದರು:
"ಮನಿಯಾಗ ಎಷ್ಟ ಮಂದಿ?"
ಇಬ್ಬರು.
"ಹಗಲಿ ಎಷ್ಟ ಮಂದಿ?"
ಶ್ರೀಶೈಲ ನನ್ನ ಮಾರಿ ನೋಡಿದ,
ನಾ ಹೆಲ್ಮೆಟ್ಟಿನ ಪಟ್ಟಿ ನೋಡಿದೆ.

ಅವನದು ಸಿಮೆಂಟ್ ಫ್ಯಾಕ್ಟರಿ ಲ್ಯಾಬು,
ನನ್ನದು ಖಜಾನೆ ಆಫೀಸು; ಮಾರ್ಚ್ ಬಂದರ ರಾತ್ರಿ ಎಂಟು.
ನವನಗರದ ಬಾಡಿಗಿ ಮನಿಗೆ
ಒಂಬತ್ತಕ್ಕ ಕೀಲಿ ಬಿದ್ದರ ತೆಗಿಯೂದು ಆರೂವರಿಗೆ.
ನಡುವ ಫ್ರಿಜ್ಜೊಂದ ಗುರ್ ಅಂತಿರತೈತಿ.

"ಮಂದಿ ಬಣ್ಣ ಕೇಳತಾರ, ಬಾಲ ಕೇಳತಾರ,
ಸರ್ಟಿಫಿಕೇಟ್ ಕೇಳತಾರ.
ಗುಣ ಯಾರೂ ಕೇಳಂಗಿಲ್ಲ.
ಇದು ಮೊಲದ ಬೆನ್ನ ಹತ್ತೂ ಜಾತಿ.
ಸುಮ್ಮನ ಕೂಡಿ ಹಾಕಿದರ
ನಿಮ್ಮ ಸೋಫಾನ ಮೊಲ ಮಾಡತೈತಿ."

ಆಮೇಲೆ ಐದು ಮರಿ ಬಿಟ್ಟರು ಅಂಗಳಕ್ಕ.
ಐದು ಉದ್ದ ಮಾರಿ, ಇಪ್ಪತ್ತು ಕಡ್ಡಿಗಾಲು.
ಒಂದು ನೆಟ್ಟಗ ಬಂದು
ನನ್ನ ಚಪ್ಪಲಿ ಮ್ಯಾಲೆ ಗದ್ದ ಇಟ್ಟು
ಉಸಿರು ಬಿಟ್ಟಿತು.
ಎತ್ತಿಕೊಂಡೆ. ಶ್ರೀಶೈಲ ಆಗಲೇ ಹೆಸರು ಹುಡುಕಾಕತ್ತಿದ್ದ.
"ಇಳಸ್ರಿ ಅದನ್ನ."

ಮುದುಕರು ಒಂದು ಸ್ಟೀಲ್ ತಾಟು ತಂದು
ಕಲ್ಲಿನ ಮ್ಯಾಲೆ ಧಣ್ ಅಂತ ಒಗದರು.
ಒಂದು ಕಣಕಿ ಬಣವಿಗೆ ನುಗ್ಗಿತು,
ಒಂದು ತಾಟಿಗೇ ಬೊಗಳಿತು,
ಒಂದು ನಿಂತಲ್ಲೇ ಉಚ್ಚಿ ಹೊಯ್ಕೊಂತು.
ನನ್ನದು (ಹಂಗಂತ ಅಂದುಬಿಟ್ಟಿದ್ದೆ ಮನಸ್ಸಿನಾಗ)
ದುಪಟ್ಟಾದ ನೆರಳಿಗೆ ಬಂದು ಪಾದ ಬಿಡಲೇ ಇಲ್ಲ.
ಐದನೇದು
ಬೆದರಿ ಎರಡು ಹೆಜ್ಜಿ ಹಿಂದ ಸರಿದು,
ನಿಂತು,
ತಿರುಗಿ ಬಂದು ತಾಟ ಮೂಸಿ,
ಅದರಾಗ ಏನೂ ಇಲ್ಲಂತ ತಿಳಕೊಂಡು
ಬೇವಿನ ಬುಡಕ್ಕ ಹೋಗಿ ಮಲಗಿತು.

"ಅದು ನಿಮ್ಮದು," ಅಂದರು.
"ಪಾದ ಹಿಡದದ್ದು ಬಂಗಾರದಂಥಾದ್ದು.
ಆದರ ಅದಕ್ಕ ನೀವು ಬೇಕು.
ಇದಕ್ಕ ನೀವು ಬಂದರ ಸಾಕು.
ಅದನ್ನ ಒಯ್ದರ ನಿಮ್ಮ ಕೀಲಿ ಸಪ್ಪಳಕ್ಕ
ದಿನಾ ಒಮ್ಮೆ ಸಾಯತೈತಿ.
ಕಿರಾಣಿ ಅಂಗಡಿ ದುಂಡವ್ವಗ ಕೊಡತೀನಿ ಬಿಡ್ರಿ,
ಆಕಿ ಕೂತಲ್ಲಿಂದ ಏಳಾಕಿ ಅಲ್ಲ."

ನಮ್ಮವ್ವ ಇಳಕಲ್ಲಿನಾಗ ಸಿಸ್ಟರ್ ಇದ್ದಳು.
ನನ್ನ ಕೊರಳಾಗ ಲಾಡಿಗೆ ಕಟ್ಟಿದ ಕೀಲಿಕೈ.
"ಶಾಣ್ಯಾಕಿ, ಒಬ್ಬಾಕಿನ ಇರತಾಳ," ಅಂತಿದ್ದರು ಓಣಿಯವರು.
ಅದು ಗುಣವೋ ರೂಢಿಯೋ
ನನಗ ಇನ್ನೂ ತಿಳಿದಿಲ್ಲ.

ರೊಕ್ಕ ಎಣಿಸುವಾಗ ಕೇಳೇಬಿಟ್ಟೆ:
"ಒಂಟಿ ಇರೂದು ಇದಕ್ಕ ಇಷ್ಟ ಏನ್ರಿ?"
"ಇಷ್ಟ ಯಾರಿಗೈತವ್ವಾ? ತಡಕೊಳ್ಳತೈತಿ.
ಮುಂಜಾನೆ ಓಡಸ್ರಿ. ಆಮೇಲೆ ಮಲಗತೈತಿ."

ಈಗ ಐದಕ್ಕ ಏಳತೀವಿ.
ಸೆಕ್ಟರಿನ ಖಾಲಿ ಪ್ಲಾಟುಗಳ ನಡುವ
ಶ್ರೀಶೈಲ ಓಡತಾನ, ಪಕ್ಕಿ ಹಿಡಕೊಂಡು.
ಅದು ಮುಂದ ಹೋಗಿ ನಿಂತು
ಈ ಮನಷ್ಯಾ ಯಾವಾಗ ಬರತಾನ ಅಂತ ನೋಡತೈತಿ.
ಹೆಸರು ಇನ್ನೂ ಇಟ್ಟಿಲ್ಲ. "ಬಾ" ಅಂದರ ಬರತೈತಿ,
ಮನಸ್ಸಿದ್ದರ.
ಮಧ್ಯಾಹ್ನ ನೀರು ಹಾಕಾಕ ಎದುರುಮನಿ ಮುಮತಾಜಕ್ಕ ಬಂದು
ಫೋಟೋ ಕಳಸತಾಳ: ಅಡಿಗಿಮನಿ ಮೂಲಿ,
ಸುರಳಿ ಸುತ್ತಿದ ಬೂದಿಬಣ್ಣ.

ಸಂಜಿಗೆ ಕುಣಿಯಂಗಿಲ್ಲ, ಮೈಮ್ಯಾಲೆ ಏರಂಗಿಲ್ಲ.
ಒಂದ ಕಿವಿ ಏಳತೈತಿ.
ಮೈ ಮುರಿದು ಬಂದು ನನ್ನ ಕೈ ಮೂಸತೈತಿ
ಆ ತಾಟು ಮೂಸಿದಂಗ.
ಸರಿಯಾದ ಮರಿ ಅಂತ ಇಬ್ಬರೂ ಹೇಳಿಕೊಂಡೀವಿ,
ಎರಡೆರಡು ಸಲ.

ನಿನ್ನೆ ಮಾರ್ಚ್ ಮೂವತ್ತೊಂದು.
ಮನಿ ಮುಟ್ಟಿದಾಗ ಒಂಬತ್ತೂಕಾಲು. ಅವನದು ಎರಡನೇ ಶಿಫ್ಟು.
ಕೀಲಿ ತೆಗದೆ. ಒಳಗ ಸಪ್ಪಳ ಇಲ್ಲ.
ಲೈಟು ಹಾಕಿದರ, ಅಲ್ಲೇ, ಅಡಿಗಿಮನಿ ಮೂಲ್ಯಾಗ,
ಅರ್ಧ ಕಣ್ಣು ಮುಚ್ಚಿ, ಏನೂ ಆಗಿಲ್ಲದಂಗ.
ಚಪ್ಪಲಿ ಬಿಟ್ಟು ಒಳಗ ಕಾಲಿಟ್ಟೆ.
ಬಾಗಿಲ ಹಿಂದಿನ ಫರಸಿ
ಬೆಚ್ಚಗಿತ್ತು.